ಕೋಳಿಗೆ ಮರಳಿ ಬರುವ ಕಿವಿ, ನಮಗೇಕೆ ಬರಲ್ಲ?

ಇವತ್ತಿನ ವಿಷಯ ಕೋಳಿಯ ಕಿವಿ. ನಗಬೇಡಿ, ನಮ್ಮ ಕಿವಿಗೆ ಬೇಕಾದ ಪಾಠ ಅಲ್ಲೇ ಇದೆ.

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಥರ ಸುರುಳಿ ಸುತ್ತಿರೋ ಕಾಕ್ಲಿಯಾ ಇದೆ. ಅದರಲ್ಲಿ ಸುಮಾರು 15,000 ರೋಮಕೋಶಗಳು. ಹೆಸರಷ್ಟೇ ರೋಮ, ತಲೆಗೂದಲಿಗೂ ಇದಕ್ಕೂ ಸಂಬಂಧವಿಲ್ಲ. ಕೋಶದ ನೆತ್ತಿಯ ಮೇಲೆ ಕುಚ್ಚಿನಂಥ ಎಳೆಗಳಿವೆ. ಸದ್ದಿಗೆ ಅವು ಬಾಗಿದಾಗ ಕೋಶ ಅದನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತೆ. ಒಳಸಾಲಿನ ಸುಮಾರು 3,500 ಕೋಶಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಹೊರಸಾಲಿನವು ಸಣ್ಣ ಸದ್ದನ್ನು ಹಿಗ್ಗಿಸೋ ಆಂಪ್ಲಿಫೈಯರ್. ಹುಟ್ಟುವಾಗ ಎಷ್ಟಿದ್ದವೋ ಅಷ್ಟೇ. ನಾನು ಬಿ.ಕಾಂ. ಓದಿದವನು, ನನ್ನ ಭಾಷೆಯಲ್ಲಿ ಹೇಳೋದಾದರೆ ಈ ಲೆಡ್ಜರಿನಲ್ಲಿ ಖರ್ಚಿದೆ, ಜಮೆ ಇಲ್ಲ.

ಕೋಳಿಗೆ ಹಾಗಲ್ಲ. ದೊಡ್ಡ ಸದ್ದಿನಿಂದ ಹಾಳಾದ ಕೋಳಿಮರಿಯ ರೋಮಕೋಶಗಳು ಮತ್ತೆ ಹುಟ್ಟುತ್ತವೆ ಅಂತ 1980ರ ದಶಕದ ಕೊನೆಯಲ್ಲಿ ಗೊತ್ತಾಯಿತು. ಪಕ್ಕದ ಆಸರೆ ಕೋಶಗಳೇ ವೇಷ ಬದಲಿಸಿ ರೋಮಕೋಶ ಆಗುತ್ತವೆ. ಆಸರೆ ಕೋಶ ನಮಗೂ ಇದೆ. ಬೇಕಾದ ಜೀನೂ ಇದೆ. ಮತ್ತೆ ಕೊರತೆ ಎಲ್ಲಿ?

ಆ ಜೀನಿನ ಹೆಸರು ಅಟೋ1. (ಆಟೋರಿಕ್ಷಾ ಅಲ್ಲ!) ಅದಿಲ್ಲದ ಇಲಿಗಳಲ್ಲಿ ರೋಮಕೋಶವೇ ಹುಟ್ಟಲ್ಲ ಅಂತ 1999ರಲ್ಲಿ ಹುದಾ ಝೊಗ್ಬಿ ಅವರ ತಂಡ ತೋರಿಸಿತು. ಭ್ರೂಣದ ಒಂದು ಕೋಶದಲ್ಲಿ ಅಟೋ1 ಚಾಲೂ ಆದರೆ, ಅದು ನಾಚ್ ಎಂಬ ಸಂಕೇತದ ಮೂಲಕ ಪಕ್ಕದ ಕೋಶಕ್ಕೆ 'ನೀನು ಆಸರೆಯಾಗಿರು' ಅನ್ನುತ್ತೆ. ಆಮೇಲೆ ಟಿಬಿಎಕ್ಸ್2 ಜೀನ್ ಇದ್ದರೆ ಒಳಸಾಲಿನ ಕೋಶ, ಇಲ್ಲದಿದ್ದರೆ ಹೊರಸಾಲಿನದು. ಇದು ಇಲಿಗಳಲ್ಲಿ ಸ್ಪಷ್ಟವಾಗಿದ್ದು 2022ರಲ್ಲಿ. ಕೆಲಸ ಮುಗಿದ ಮೇಲೆ ಈ ಸ್ವಿಚ್ಚುಗಳಿಗೆ ಬೀಗ ಬೀಳುತ್ತೆ. ಹುಟ್ಟಿದ ಮೊದಲ ಕೆಲವು ದಿನ ಇಲಿಮರಿಯ ಆಸರೆ ಕೋಶವನ್ನು ರೋಮಕೋಶ ಮಾಡಬಹುದು, ವಾರ ಕಳೆಯೋದರೊಳಗೆ ಆ ಶಕ್ತಿ ಬಹುಪಾಲು ಹೋಗಿರುತ್ತೆ. ಡಿಎನ್‌ಎಯಲ್ಲಿ ಒಂದಕ್ಷರವೂ ಅಳಿಸಿರಲ್ಲ. ಕಡತ ಅಲ್ಲೇ ಇದೆ, ಬೀರು ತೆರೆಯಲ್ಲ.

ಇದನ್ನೆಲ್ಲ ಹೇಳೋಕೆ ಕಾರಣ ದೊಡ್ಡಬಳ್ಳಾಪುರದ ಕೇಳುಗರೊಬ್ಬರ ಮೆಸೇಜು. ಅಪ್ಪ ವರ್ಷಗಟ್ಟಲೆ ಪವರ್‌ಲೂಮ್ ಓಡಿಸಿ ಕಿವಿ ಮಂದ ಮಾಡಿಕೊಂಡಿದ್ದಾರೆ. 'ಕಿವಿಯ ಕೋಶ ಮತ್ತೆ ಬೆಳೆಸೋ ಕ್ಯಾಪ್ಸೂಲ್ ಅಂತೆ, ತರಿಸಲಾ ಅಣ್ಣ?' ಅಂತ ಕೇಳಿದ್ದರು.

ಬೇಡಮ್ಮ. ಆ ಬೀರು ತೆರೆಯೋಕೆ ದೊಡ್ಡ ದೊಡ್ಡವರೇ ಪ್ರಯತ್ನ ಮಾಡಿದ್ದಾರೆ. ಅಮೆರಿಕದ ಫ್ರೀಕ್ವೆನ್ಸಿ ಥೆರಪ್ಯೂಟಿಕ್ಸ್ ಕಂಪನಿ ಎಫ್‌ಎಕ್ಸ್-322 ಅನ್ನೋ ಔಷಧಿಯನ್ನು ಕಿವಿತಮಟೆಯ ಮೂಲಕ ಚುಚ್ಚಿ ನೋಡಿತು. ಅದರಲ್ಲಿದ್ದ ಎರಡು ರಾಸಾಯನಿಕಗಳಲ್ಲಿ ಒಂದು ಡಿಎನ್‌ಎಯ ಬಿಗಿ ಸಡಿಲಿಸುವಂಥದ್ದೇ. 2023ರ ಫೆಬ್ರುವರಿಯಲ್ಲಿ ಫಲಿತಾಂಶ ಬಂತು: ಹುಸಿಮದ್ದು ಪಡೆದವರಿಗಿಂತ ಇವರಿಗೇನೂ ಹೆಚ್ಚು ಕೇಳಿಸಲಿಲ್ಲ. ಷೇರು ನೆಲಕಚ್ಚಿತು, ಯೋಜನೆ ನಿಂತಿತು. ರಕ್ತದಿಂದ ಒಳಕಿವಿಗೆ ಔಷಧಿ ದಾಟೋದೇ ಕಷ್ಟ. ಹಾಗಿರುವಾಗ ನುಂಗೋ ಕ್ಯಾಪ್ಸೂಲು?

ಆ ದುಡ್ಡಲ್ಲಿ ಅಪ್ಪನ್ನ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ, ಹತ್ತಿರದ ಆಡಿಯಾಲಜಿಸ್ಟ್ ಹತ್ತಿರಕ್ಕೋ ಕರ್ಕೊಂಡು ಹೋಗಿ. ಉಳಿದ ಕೋಶಗಳಿಗೆ ಸದ್ದು ಮುಟ್ಟಿಸೋಕೆ ಹಿಯರಿಂಗ್ ಏಡ್ ಇದೆ. ಇನ್ನೂ ಮಗ್ಗಕ್ಕೆ ಹೋಗ್ತಾರಾದರೆ ಇಯರ್‌ಪ್ಲಗ್ ಹಾಕಿಸಿ, ಇವತ್ತಿಂದಲೇ.