ಟಿಕ್ ಹಾಕಿ ಕೊಟ್ಟ ಆಯ್ಕೆ ಫಾರಂ

ಇವತ್ತು ನನ್ನ ಬಿಕಾಂ ದಿನಗಳ ಒಂದು ಹಾಳೆಯಿಂದ ಶುರು ಮಾಡ್ತೀನಿ. ಐದನೇ ಸೆಮಿಸ್ಟರ್‌ನಲ್ಲಿ ಐಚ್ಛಿಕ ವಿಷಯ ಆರಿಸಿಕೊಳ್ಳಿ ಅಂತ ಫಾರಂ ಕೊಟ್ಟರು. ಅಕೌಂಟಿಂಗ್, ಫೈನಾನ್ಸ್, ಮಾರ್ಕೆಟಿಂಗ್ ಅಂತ ಹೆಸರುಗಳಿದ್ದವು. ಅಕೌಂಟಿಂಗ್ ಮುಂದೆ ಆಗಲೇ ಪೆನ್ನಿನಲ್ಲಿ ಟಿಕ್ ಬಿದ್ದಿತ್ತು. ‘ಬೇರೆದಕ್ಕೆ ಮೇಷ್ಟ್ರಿಲ್ಲ, ಸೈನ್ ಹಾಕ್ರಪ್ಪ’ ಅಂದ್ರು. ಹಾಕಿದ್ವಿ. ಆ ಪದ್ಧತಿಯ ಹೆಸರೇ ಚಾಯ್ಸ್ ಬೇಸ್ಡ್ ಕ್ರೆಡಿಟ್ ಸಿಸ್ಟಮ್!

ಇದು ನೆನಪಾಗಿದ್ದು ಚಿಂತಾಮಣಿ ಬಸ್‌ನಲ್ಲಿ. ಅಂಬಾಜಿದುರ್ಗ ಹೋಬಳಿಯ ಅಕ್ಕತಂಗಿಯರು ಸಿಕ್ಕಿದ್ರು, ಇಬ್ಬರೂ ಬಿಕಾಂ. ಅಕ್ಕ 2023ರಲ್ಲಿ ಸೇರಿದವಳು, ತಂಗಿ 2024ರಲ್ಲಿ. ಒಂದೇ ವರ್ಷದ ವ್ಯತ್ಯಾಸ, ಆದರೆ ಅಕ್ಕನ ನೋಟ್ಸ್ ತಂಗಿಗೆ ಬರಲ್ಲ.

ಕಾರಣ ಕೇಳಿ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿ ಮಾಡಿದ್ದು ಕರ್ನಾಟಕ, 2021ರಲ್ಲಿ. ನಾಲ್ಕು ವರ್ಷದ ಡಿಗ್ರಿ ಬಂತು, ಡಿಜಿಟಲ್ ಫ್ಲೂಯೆನ್ಸಿ ಥರದ ಪೇಪರ್ ಬಂದವು. ಸರ್ಕಾರ ಬದಲಾಯ್ತು. ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಇಟ್ಟುಕೊಂಡು 2024ರ ಮೇನಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ ಅಂದರು. ಮೂರು ವರ್ಷವೇ ಸರಿ ಅಂತ ನನಗೂ ಅನ್ಸುತ್ತೆ. ನಾಲ್ಕನೇ ವರ್ಷದ ಬಸ್ ಪಾಸು, ಫೀಸು ಭರಿಸೋ ಮನೆಗಳು ಈ ಕಡೆ ಕಡಿಮೆ. ಆದರೆ ತರೋವಾಗಲೂ ತೆಗೆಯೋವಾಗಲೂ ನಮ್ಮ ಕ್ಲಾಸಿಗೆ ಯಾರೂ ಬಂದು ಒಂದು ಮಾತು ಕೇಳಲಿಲ್ಲ ಅಂತಾಳೆ ಅಕ್ಕ.

ನಮ್ಮ ಕಡೆ ಕಾಲೇಜುಗಳು ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರುತ್ತವೆ. ಬೆಂಗಳೂರು ವಿವಿ ಮೂರು ಭಾಗ ಆದಾಗ ಹುಟ್ಟಿದ್ದು, ಕಚೇರಿ ಕೋಲಾರದ ಟಮಕದಲ್ಲಿ. ಪಠ್ಯ ಬರೆಯೋದು ಅಧ್ಯಯನ ಮಂಡಳಿ, ಒಪ್ಪಿಗೆ ಕೊಡೋದು ಅಕಾಡೆಮಿಕ್ ಕೌನ್ಸಿಲ್. ಅಂಬಾಜಿದುರ್ಗದ ಹುಡುಗಿಗೆ ಇವೆರಡೂ ಅಂಕಪಟ್ಟಿಯ ಮೇಲಿನ ಸೀಲ್ ಅಷ್ಟೇ.

ಹಾಗಾದ್ರೆ ವಿದ್ಯಾರ್ಥಿ ಚುನಾವಣೆ ತನ್ನಿ ಅಂತೀರಾ? ಗಲಾಟೆ, ಹೊಡೆದಾಟ ಅಂತ ರಾಜ್ಯದಲ್ಲಿ ಅದು ನಿಂತು ಮೂರು ದಶಕ ದಾಟಿದೆ. ಈಗ ಮತ್ತೆ ತರೋ ಮಾತು ಕೇಳ್ತಿದೆ. 2006ರ ಲಿಂಗ್ಡೊ ಸಮಿತಿ ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿ ಮಿತಿ, ಶೇ 75 ಹಾಜರಾತಿ, ಮುದ್ರಿತ ಪೋಸ್ಟರ್ ಬೇಡ ಅಂತೆಲ್ಲ ಹೇಳಿದೆ. ನಮ್ಮ ಊರಿನ ಪಂಚಾಯ್ತಿ ಚುನಾವಣೆ ನೋಡಿದವನಾಗಿ ಆ ಐದು ಸಾವಿರ ಕೇಳಿ ನಗು ಬಂತು. ಆದರೂ ಚುನಾವಣೆ ಬೇಡ ಅನ್ನಲ್ಲ. ಅದು ಬರೋವರೆಗೆ ಇರೋದನ್ನ ಬಳಸೋಣ ಅಂತೀನಿ.

ಇರೋದು ಏನು? ಯುಜಿಸಿಯ 2023ರ ನಿಯಮದ ಪ್ರಕಾರ ಪ್ರತಿ ಕಾಲೇಜಲ್ಲೂ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ದೂರು ಬಂದ 15 ಕೆಲಸದ ದಿನದೊಳಗೆ ವರದಿ ಕೊಡಬೇಕು. ಒಬ್ಬ ವಿದ್ಯಾರ್ಥಿ ಇರ್ತಾರೆ, ಆದರೆ ‘ವಿಶೇಷ ಆಹ್ವಾನಿತ’ರಾಗಿ. ಮದುವೆ ಮನೇಲಿ ಊಟಕ್ಕೆ ಕರೆದು ಬೀಗರ ಮಾತುಕತೆಗೆ ಕರೆಯದ ಹಾಗೆ. ನ್ಯಾಕ್‌ಗೋಸ್ಕರ ಇರೋ ಐಕ್ಯೂಎಸಿಯಲ್ಲೂ ವಿದ್ಯಾರ್ಥಿ ಪ್ರತಿನಿಧಿ ಇರಬೇಕು. ನಿಮ್ಮ ಕಾಲೇಜಲ್ಲಿ ಅದು ಯಾರು, ಗೊತ್ತಾ? ಬಸ್ಸಲ್ಲಿದ್ದ ಏಳೆಂಟು ಜನರಿಗೆ ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ.

ಅಕ್ಕತಂಗಿಯರ ಬೇಡಿಕೆ ದೊಡ್ಡದೇನಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಸ್ ಹಿಡಿಯೋಷ್ಟರಲ್ಲಿ ಮೊದಲ ಪೀರಿಯಡ್ ಅರ್ಧ ಮುಗಿದಿರುತ್ತೆ. ಹಾಜರಾತಿ ಅಲ್ಲೇ ಹೋಗುತ್ತೆ, ಇಂಟರ್ನಲ್ ಟೆಸ್ಟೂ ಆ ಪೀರಿಯಡ್‌ಗೇ. ಅದನ್ನ ಮಧ್ಯಾಹ್ನಕ್ಕೆ ಹಾಕಿ ಅಂತ ಕೇಳಬೇಕು, ಯಾರನ್ನ ಕೇಳೋದು ಗೊತ್ತಿಲ್ಲ. ‘ಅಣ್ಣಾ, ಎದುರು ಮಾತಾಡಿದ್ರೆ ಇಂಟರ್ನಲ್ ಮಾರ್ಕ್ಸ್ ಕಟ್ ಆಗಲ್ವಾ?’ ಅಂದ್ಳು ತಂಗಿ. ಆಗಲ್ಲ ಅಂತ ಗ್ಯಾರಂಟಿ ಕೊಡೋಕೆ ನನ್ನಿಂದ ಆಗಲಿಲ್ಲ.

ಕೊನೆಗೆ ಅಲ್ಲೇ ಸೀಟಿನ ಮೇಲೆ ಅರ್ಜಿ ಬರೆದ್ವಿ. ಒಬ್ಬರ ಹೆಸರು ಬೇಡ, ಆ ಬಸ್ಸಿನಲ್ಲಿ ಬರೋ ಎಲ್ಲರ ಸಹಿ ಇರಲಿ ಅಂದೆ. ಚಿಂತಾಮಣಿ ಸ್ಟ್ಯಾಂಡ್ ಬರೋವಷ್ಟರಲ್ಲಿ ಹನ್ನೊಂದು ಸಹಿ ಆಗಿತ್ತು. ಉತ್ತರ ಬಂದ ದಿನ ಅವರನ್ನೇ ಇಲ್ಲಿ ಮೈಕ್ ಮುಂದೆ ಕೂರಿಸ್ತೀನಿ.