ಲೆಕ್ಕದಿಂದ ಹುಟ್ಟಿದ ಅಕ್ಷರ



ಹೋದ ವಾರ ಪಾಠ ಮುಗಿದ ಮೇಲೆ ಒಬ್ಬ ಅಜ್ಜಿ ಸ್ಲೇಟು ಒರೆಸುತ್ತಾ ನನ್ನನ್ನು ಕೇಳಿದರು: “ಟೀಚರಮ್ಮ, ಅರವತ್ತು ವರ್ಷ ಅಕ್ಷರ ಇಲ್ಲದೇನೇ ಬಾಳಿದೀನಿ. ಹೊಲ ಮಾಡಿದೀನಿ, ಮಕ್ಕಳನ್ನ ಸಾಕಿದೀನಿ. ಹಂಗಾದ್ರೆ ನಾನು ದಡ್ಡೀನಾ? ಈ ಅಕ್ಷರಾನ ಯಾರು ಮಾಡಿದ್ರು? ಯಾತಕ್ಕೆ ಮಾಡಿದ್ರು?”

ಒಳ್ಳೇ ಪ್ರಶ್ನೆ. ಇವತ್ತು ಅದಕ್ಕೇ ಉತ್ತರ ಹೇಳ್ತೀನಿ.

ಅಕ್ಷರ ಇಲ್ಲದವರು ದಡ್ಡರಲ್ಲ. ನಮ್ಮಂಥ ಮನುಷ್ಯರು ಈ ಭೂಮಿಯ ಮೇಲೆ ಹುಟ್ಟಿ ಸುಮಾರು 3 ಲಕ್ಷ ವರ್ಷ ಆಯಿತು. ಅಕ್ಷರ ಹುಟ್ಟಿ 5,000 ವರ್ಷಕ್ಕೆ ಸ್ವಲ್ಪ ಮೇಲೆ, ಅಷ್ಟೇ. ಅದಕ್ಕೂ ಮುಂಚಿನ ಜನ ಕಲ್ಲು ಒಡೆದು ಹತಾರ ಮಾಡಿಕೊಂಡರು. ಬೆಂಕಿ ಆರದಂತೆ ಕಾಪಾಡಿದರು. ಯಾವ ಗೆಡ್ಡೆ ತಿನ್ನಬಹುದು, ಯಾವುದು ವಿಷ ಅಂತ ತಿಳಿದುಕೊಂಡರು. ಮಕ್ಕಳಿಗೆ ಎಲ್ಲವನ್ನೂ ಬಾಯಲ್ಲೇ ಹೇಳಿಕೊಟ್ಟರು.

ನಮ್ಮ ಬಳ್ಳಾರಿಯ ಹತ್ತಿರ ಸಂಗನಕಲ್ಲು ಅಂತ ಊರಿದೆ. ಅಲ್ಲಿನ ಗುಡ್ಡಗಳಲ್ಲಿ ಸುಮಾರು 4,000 ವರ್ಷಗಳ ಹಿಂದೆ ಜನ ವಾಸವಾಗಿದ್ದರು. ದನ ಕುರಿ ಸಾಕುತ್ತಿದ್ದರು. ಹುರುಳಿ, ಹೆಸರು, ಕೊರಲೆ ಬೆಳೆಯುತ್ತಿದ್ದರು. ಅವರ ಕಲ್ಲಿನ ಕೊಡಲಿಗಳು ಸಿಕ್ಕಿವೆ. ಕಾಳು ಅರೆದು ಅರೆದು ಬಂಡೆಯ ಮೇಲೆ ಬಿದ್ದ ಗುಳಿಗಳು ಈಗಲೂ ಇವೆ. ಅವರಿಗೆ ಅಕ್ಷರ ಇರಲಿಲ್ಲ. ಆದರೆ ಅವರು ಬೆಳೆದ ಹುರುಳಿಯನ್ನೇ ನಾವು ಇವತ್ತೂ ಬೇಯಿಸಿ ಸಾರು ಮಾಡ್ತೀವಿ. ಅವರನ್ನು ದಡ್ಡರು ಅನ್ನೋಕೆ ಆಗುತ್ತಾ?

ಹಾಗಾದ್ರೆ ಅಕ್ಷರ ಯಾತಕ್ಕೆ ಬಂತು? ಅದನ್ನು ತಿಳಿಯಲು ದೂರದ ಇರಾಕ್ ದೇಶಕ್ಕೆ ಹೋಗಬೇಕು.

ಅಲ್ಲಿ ಟೈಗ್ರಿಸ್, ಯೂಫ್ರೆಟಿಸ್ ಅನ್ನುವ ಎರಡು ದೊಡ್ಡ ನದಿಗಳಿವೆ. ಮಳೆ ಕಡಿಮೆ. ಜನ ನದಿಯಿಂದ ಕಾಲುವೆ ತೋಡಿ ಜವೆಗೋಧಿ ಬೆಳೆದರು. ಉಂಡು ಮಿಗುವಷ್ಟು ಬೆಳೆ ಬಂತು. ಮಿಕ್ಕ ಕಾಳು ಕಣಜ ಸೇರಿತು. ಈಗ ಎಲ್ಲರೂ ಉಳಬೇಕಾಗಿರಲಿಲ್ಲ. ಕೆಲವರು ಕುಂಬಾರರಾದರು, ಕೆಲವರು ನೇಕಾರರಾದರು. ಪೂಜಾರಿ ಬಂದ, ರಾಜ ಬಂದ. ಹಳ್ಳಿಗಳು ಬೆಳೆದು ಪಟ್ಟಣಗಳಾದವು. ಉರುಕ್ ಎಂಬ ಪಟ್ಟಣದಲ್ಲಿ 5,000 ವರ್ಷಗಳ ಹಿಂದೆಯೇ ಹತ್ತಾರು ಸಾವಿರ ಜನ ಇದ್ದರು. ಇಂಥ ಬದುಕನ್ನೇ ನಾಗರಿಕತೆ ಎನ್ನುತ್ತಾರೆ.

ಹತ್ತು ಮನೆಯ ಲೆಕ್ಕ ನೆನಪಿನಲ್ಲಿ ಇರುತ್ತೆ. ಸಾವಿರ ಮನೆಯ ಲೆಕ್ಕ ಇರುತ್ತಾ? ಯಾರು ಎಷ್ಟು ಕಾಳು ತಂದರು? ಯಾರಿಗೆ ಎಷ್ಟು ಕೊಟ್ಟಾಯ್ತು? ಅದಕ್ಕೆ ಅವರು ಹಸಿ ಜೇಡಿಮಣ್ಣನ್ನು ತಟ್ಟಿ ಪುಟ್ಟ ಹಲಗೆ ಮಾಡಿದರು. ಜೊಂಡಿನ ಕಡ್ಡಿಯಿಂದ ಗುರುತು ಹಾಕಿದರು. ತೆನೆಯ ಚಿತ್ರ ಅಂದ್ರೆ ಕಾಳು. ಎತ್ತಿನ ತಲೆ ಅಂದ್ರೆ ಎತ್ತು. ಎಷ್ಟು ಅನ್ನೋದಕ್ಕೆ ಪಕ್ಕದಲ್ಲಿ ಚುಕ್ಕಿಗಳು. ಬರ್ತಾ ಬರ್ತಾ ಈ ಚಿತ್ರಗಳೇ ಲಿಪಿ ಆದವು. ಅಲ್ಲಿ ಸಿಕ್ಕ ಅತಿ ಹಳೆಯ ಬರಹಗಳಲ್ಲಿ ಹೆಚ್ಚಿನವು ಕತೆಯಲ್ಲ, ಹಾಡಲ್ಲ. ಬರೀ ಲೆಕ್ಕ!

ಈಗ ಮುಖ್ಯವಾದ ಮಾತು ಕೇಳಿ. ಅದೇ ನಾಡಿನಲ್ಲಿ ಸುಮಾರು 4,000 ವರ್ಷಗಳ ಹಿಂದಿನ ಕೂಲಿ ಲೆಕ್ಕಗಳು ಸಿಕ್ಕಿವೆ. ಆಗ ಸಾವಿರಾರು ಹೆಂಗಸರು ಉಣ್ಣೆ ನೂತು ಬಟ್ಟೆ ನೇಯುತ್ತಿದ್ದರು. ಕೂಲಿಯನ್ನು ಕಾಳಿನಲ್ಲಿ ಅಳೆದು ಕೊಡುತ್ತಿದ್ದರು. ಸಾಮಾನ್ಯವಾಗಿ ಗಂಡಾಳಿಗೆ ತಿಂಗಳಿಗೆ ಸುಮಾರು 60 ಲೀಟರ್ ಜವೆಗೋಧಿ. ಹೆಣ್ಣಾಳಿಗೆ ಎಷ್ಟು ಗೊತ್ತಾ? ಸುಮಾರು 30 ಲೀಟರ್! ಲೆಕ್ಕ ಬರೆಯುವವರು ಹೆಚ್ಚಾಗಿ ಗಂಡಸರೇ. ನೇಯುವವಳಿಗೆ ಓದು ಬರುತ್ತಿರಲಿಲ್ಲ. ಹಲಗೆಯ ಮೇಲೆ ಅವಳ ಹೆಸರು ಇತ್ತು. ಅದು ತನ್ನ ಹೆಸರು ಅಂತ ಅವಳಿಗೇ ಗೊತ್ತಾಗುತ್ತಿರಲಿಲ್ಲ.

ಇದನ್ನು ಓದಿದಾಗ ನನಗೆ ನಮ್ಮಮ್ಮ ನೆನಪಾದಳು. ಅವಳೂ ಕೂಲಿಗೆ ಹೋಗುತ್ತಿದ್ದಳು. ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುತ್ತಿದ್ದಳು. ನಾನು ಐದನೇ ತರಗತಿಯಲ್ಲಿದ್ದಾಗ ಒಂದು ದಿನ ಜೊತೆಗೆ ಹೋಗಿ ಪುಸ್ತಕ ನೋಡಿದೆ. ಅಮ್ಮ ದುಡಿದದ್ದು ಆರು ದಿನ. ಬರೆದದ್ದು ಐದು ದಿನ. ನಾನು ಗಟ್ಟಿಯಾಗಿ ಓದಿದೆ. ಅವರು ಸುಮ್ಮನೆ ತಿದ್ದಿ, ಒಂದು ದಿನದ ಕೂಲಿ ಕೊಟ್ಟರು. ಹಾಗೆ ಓದದೇ ಬಿಟ್ಟ ವಾರಗಳು ಎಷ್ಟಿದ್ದವೋ!

ಹೆಣ್ಣಾಳಿಗೂ ಗಂಡಾಳಿಗೂ ಸಮಾನ ಕೂಲಿ ಕೊಡಬೇಕು ಅಂತ ನಮ್ಮ ದೇಶದಲ್ಲಿ 1976ರಲ್ಲೇ ಕಾನೂನು ಬಂತು. ಕಾನೂನು ಕಾಗದದ ಮೇಲಿದೆ. ಕಾಗದ ಓದಲು ಬಂದವರೇ ಅದನ್ನು ಕೇಳಬಲ್ಲರು.

ಇನ್ನೊಂದು ಸಂತೋಷದ ಸಂಗತಿ. ಅದೇ ಇರಾಕಿನ ಊರ್ ಎಂಬ ಪಟ್ಟಣದಲ್ಲಿ ಸುಮಾರು 4,300 ವರ್ಷಗಳ ಹಿಂದೆ ಎನ್‌ಹೆಡುವಾನ್ನ ಎಂಬುವಳು ಇದ್ದಳು. ಅವಳು ರಾಜನ ಮಗಳು, ಚಂದ್ರದೇವನ ಗುಡಿಯ ಪೂಜಾರಿಣಿ. ದೇವರ ಹಾಡುಗಳು ಅವಳ ಹೆಸರಿನಲ್ಲಿ ಉಳಿದಿವೆ. ಹಾಡು ಕಟ್ಟಿದವರಲ್ಲಿ ನಮಗೆ ಹೆಸರು ತಿಳಿದಿರುವ ಮೊಟ್ಟಮೊದಲಿನವಳು ಒಬ್ಬ ಹೆಣ್ಣು! ಆದರೆ ಅವಳು ಅರಮನೆಯವಳು. ನೇಯುವವಳಿಗೆ ಆ ಅಕ್ಷರ ಸಿಗಲಿಲ್ಲ. ಇವತ್ತು ನಿಮಗೆ ಸಿಕ್ಕಿದೆ.

ಅಜ್ಜೀ, ನೀವು ದಡ್ಡಿ ಅಲ್ಲ. ನಿಮ್ಮ ಬುದ್ಧಿ ಅಕ್ಷರಕ್ಕಿಂತ ಹಳೇದು. ಅಕ್ಷರ ಹುಟ್ಟಿದ್ದು ಲೆಕ್ಕಕ್ಕೆ. ನಮ್ಮ ಲೆಕ್ಕ ನಾವು ಓದೋಣ.

ನಾಳೆ ಬರುವಾಗ ಎಲ್ಲರೂ ರೇಷನ್ ಕಾರ್ಡು, ಸಂಘದ ಪಾಸ್‌ಬುಕ್ಕು ತನ್ನಿ. ಮೊದಲು ನಿಮ್ಮ ಹೆಸರು ಹುಡುಕಿ. ಆಮೇಲೆ ಅದರ ಮುಂದಿನ ಅಂಕಿ ಗಟ್ಟಿಯಾಗಿ ಓದಿ.