ಬೂಟು ಒರೆಸಿದವನ ಹೆಸರು

(ಬೂದಿಗೆರೆಯಲ್ಲಿ ಹುಡುಗರ ಫುಟ್‌ಬಾಲ್ ಪಂದ್ಯ ಮುಗಿದ ಸಂಜೆ ಮಾಡಿದ ಭಾಷಣ)



ಗೆದ್ದ ಹುಡುಗರಿಗೆ ಬಹುಮಾನ ಕೊಟ್ಟಾಯಿತು, ಸೋತವರ ಬೆನ್ನು ತಟ್ಟಿಯಾಯಿತು. ಎರಡು ಮಾತಾಡಿ ಇಳಿಯಿರೆಂದು ಅಧ್ಯಕ್ಷರ ಅಪ್ಪಣೆ. ಮೇಷ್ಟ್ರಾಗಿದ್ದವರಿಗೆ ಎರಡೇ ಮಾತಿನಲ್ಲಿ ಮುಗಿಸುವುದು ಕಷ್ಟ. ಆದರೂ ಈ ಆಟದ ವಿಷಯವನ್ನೇ ಹೇಳಿ ಮುಗಿಸುತ್ತೇವೆ.

ಈ ಆಟವನ್ನು ನಮ್ಮಲ್ಲಿಗೆ ತಂದವರು ಇಂಗ್ಲಿಷರು. ಬೆಂಗಳೂರು ದಂಡಿನ ಬಯಲುಗಳಲ್ಲಿ ಗೋರಾ ಸಿಪಾಯಿಗಳು ಆಡುತ್ತಿದ್ದರು. ನಮ್ಮವರು ನೋಡಿ ಕಲಿತರು, ಕಲಿತು ಗೆದ್ದರು. ಮುಂಬಯಿಯ ರೋವರ್ಸ್ ಕಪ್ಪು 1891ರಿಂದ ಗೋರಾ ಪಲ್ಟಣಗಳ ಪಿತ್ರಾರ್ಜಿತ ಆಸ್ತಿಯಂತೆ ಇತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಯಾವುದು? ನಮ್ಮ ಬೆಂಗಳೂರಿನ 'ಬೆಂಗಳೂರ್ ಮುಸ್ಲಿಮ್ಸ್'. ಮರುವರ್ಷವೂ ಅವರೇ ಗೆದ್ದರು.

ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ದೇಶದ ತಂಡ ಫ್ರಾನ್ಸಿನ ಎದುರು ನಿಂತಿತು. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಎರಡು ಪೆನಾಲ್ಟಿ ಕೈತಪ್ಪಿದವು. 2–1ರಲ್ಲಿ ಸೋತೆವು. ಆದರೆ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಜೊತೆಗೆ ಆಡಿದ ಅಹ್ಮದ್ ಖಾನರೂ ಬೆಂಗಳೂರಿನವರೇ. ಇಲ್ಲಿ ಕುಳಿತವರಲ್ಲಿ ಎಷ್ಟು ಮಂದಿ ಈ ಹೆಸರುಗಳನ್ನು ಕೇಳಿದ್ದೀರಿ? ಕೈ ಎತ್ತಿ ನೋಡೋಣ. ನಾವೂ ಬಹಳ ತಡವಾಗಿಯೇ ಕೇಳಿದೆವು.

ಇನ್ನು ಆಟದ ತವರುಮನೆಯ ಕಥೆ ಕೇಳಿ. ಆರ್ಥರ್ ವಾರ್ಟನ್ ಎಂಬಾತ 1865ರಲ್ಲಿ ಆಫ್ರಿಕಾದ ಅಕ್ರಾ ಪಟ್ಟಣದಲ್ಲಿ ಹುಟ್ಟಿ ಓದಲೆಂದು ಇಂಗ್ಲೆಂಡಿಗೆ ಹೋದವನು. 1886ರಲ್ಲಿ ನೂರು ಗಜವನ್ನು ಹತ್ತು ಸೆಕೆಂಡಿನಲ್ಲಿ ಓಡಿದ. ಪ್ರೆಸ್ಟನ್, ರಾದರ್‌ಹ್ಯಾಮ್, ಷೆಫೀಲ್ಡ್ ತಂಡಗಳಿಗೆ ಗೋಲು ಕಾದ. ಸಂಬಳಕ್ಕೆ ಆಡಿದ ಮೊದಲ ಕಪ್ಪು ಆಟಗಾರನೆಂದು ಇಂದು ಅವನನ್ನು ಹೊಗಳುತ್ತಾರೆ. ಅಂದು? ಕಾಲಿನ ಕಸುವು ಇಳಿದ ಮೇಲೆ ಕಲ್ಲಿದ್ದಲ ಗಣಿಗೆ ಕೂಲಿಗೆ ಹೋದ. 1930ರಲ್ಲಿ ಸತ್ತಾಗ ಗೋರಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. ಕಲ್ಲು ನೆಟ್ಟದ್ದು 1997ರಲ್ಲಿ. ಅರವತ್ತೇಳು ವರ್ಷಗಳ ಮೇಲೆ!

ಜ್ಯಾಕ್ ಲೆಸ್ಲಿಯ ಕಥೆ ಇನ್ನೂ ಕಹಿ. ತಂದೆ ಜಮೈಕಾದವನು, ಮಗ ಲಂಡನ್ನಿನಲ್ಲೇ ಹುಟ್ಟಿದವನು. ಪ್ಲಿಮತ್ ತಂಡಕ್ಕೆ 137 ಗೋಲು ಹೊಡೆದವನು. 1925ರಲ್ಲಿ ಇಂಗ್ಲೆಂಡ್ ತಂಡಕ್ಕೆ ಅವನ ಹೆಸರು ಬಂತು. ಕೆಲವೇ ದಿನಗಳಲ್ಲಿ ಪಟ್ಟಿಯಿಂದ ಮಾಯವಾಯಿತು. ತನ್ನ ಮೈಬಣ್ಣ ತಿಳಿದದ್ದೇ ಕಾರಣವೆಂದು ಅವನು ಕೊನೆಯವರೆಗೂ ನಂಬಿದ್ದ. ಆಟ ಬಿಟ್ಟ ಮೇಲೆ ಬಾಯ್ಲರ್ ಕೆಲಸದವನಾದ. ಮುಪ್ಪಿನಲ್ಲಿ ವೆಸ್ಟ್ ಹ್ಯಾಮ್ ತಂಡದ ಆಟಗಾರರ ಬೂಟು ಒರೆಸಿದ. 1966ರ ವಿಶ್ವಕಪ್ ಗೆದ್ದ ಬಾಬಿ ಮೂರ್‌ನ ಬೂಟನ್ನೂ ಒರೆಸಿದ ಕೈ ಅದು. ತೊಡಬೇಕಾದ ಬೂಟನ್ನು ಒರೆಸಬೇಕಾಯಿತು! 1978ರಲ್ಲಿ ವಿವ್ ಆಂಡರ್‌ಸನ್ ಎಂಬ ಕಪ್ಪು ಆಟಗಾರ ಇಂಗ್ಲೆಂಡಿನ ಹಿರಿಯರ ತಂಡದಲ್ಲಿ ಆಡಿದ. ಲೆಸ್ಲಿಯ ಸಾವಿನ ಎಷ್ಟೋ ವರ್ಷಗಳ ಮೇಲೆ, 2022ರಲ್ಲಿ ಪ್ಲಿಮತ್‌ನಲ್ಲಿ ಅವನ ಪ್ರತಿಮೆ ನಿಂತಿತು. 2023ರಲ್ಲಿ ಇಂಗ್ಲೆಂಡಿನ ಗೌರವ ಟೋಪಿ ಅವನ ಮನೆಯವರ ಕೈಗೆ ಬಂತು.

ಬಂಧುಗಳೇ, ಬಿಳಿಯರನ್ನು ಬೈದು ಮನೆಗೆ ಹೋಗುವುದು ಸುಲಭ. ನಮ್ಮನ್ನೂ ಒಂದು ಮಾತು ಕೇಳಿಕೊಳ್ಳೋಣ. ಇಂದು ಹನ್ನೊಂದು ಹುಡುಗರು ಒಂದೇ ಚೆಂಡನ್ನು ಒದ್ದರು. ಆಟ ಮುಗಿದ ಮೇಲೆ ಹನ್ನೊಂದು ಮಂದಿಯೂ ಒಂದೇ ಕೊಡದ ನೀರು ಕುಡಿದರೇ? ಗೋಲು ಹೊಡೆದ ಹುಡುಗ ಯಾವ ಕೇರಿಯವನಾದರೂ ನಮ್ಮ ಮನೆಯ ನಡುಮನೆಗೆ ಬರಬಲ್ಲನೇ? ಬರಲಾರನಾದರೆ ಲೆಸ್ಲಿಯ ಹೆಸರು ಹೊಡೆದು ಹಾಕಿದ ಪೆನ್ನು ನಮ್ಮ ಜೇಬಿನಲ್ಲೂ ಇದೆ.

ಅದಕ್ಕೆ ಎರಡೇ ಕೆಲಸ ಬೇಡುತ್ತೇವೆ. ಮೊದಲನೆಯದು, ಮುಂದಿನ ಪಂದ್ಯದ ದಿನ ಎಲ್ಲ ಕೇರಿಯವರಿಗೂ ಒಂದೇ ಕೊಡ, ಒಂದೇ ಲೋಟ ಇರಲಿ. ಎರಡನೆಯದು, ನಿಮ್ಮ ಮಿಲ್ಲಿನಲ್ಲಿ, ನಿಮ್ಮ ಬೀದಿಯಲ್ಲಿ ಒಂದು ಕಾಲಕ್ಕೆ ಆಡಿದ ಮುದುಕರು ಇದ್ದರೆ ಹತ್ತಿರ ಕುಳಿತು ಕೇಳಿ, ಹೆಸರು ಬರೆದಿಡಿ. ಹುಡುಗರ ಹತ್ತಿರ ನೋಟುಬುಕ್ಕಿದೆ, ಪೆನ್ಸಿಲಿದೆ. ಸತ್ತ ಮೇಲೆ ಕಲ್ಲು ನೆಡುವುದಕ್ಕಿಂತ ಬದುಕಿರುವಾಗ ಹೆಸರು ಹಿಡಿದು ಕರೆಯುವುದು ದೊಡ್ಡದು.